ಕಸುಬಿನ ಕರೆಯೂ ಬಾಳಿನ ತೃಪ್ತಿಯೂ: ಕಾರಂತರ ಎರಡು ಕಾದಂಬರಿಗಳನ್ನು ಕುರಿತು

೧

ಹೊಟ್ಟೆಪಾಡಿಗಾಗಿ ದುಡಿಯುವವನಿಗೆ ಕೂಲಿ ದೊರೆಯುತ್ತದೆ, ತನ್ನನ್ನು ಕರೆದ ಕಾರ್ಯವೆಂದು ನಂಬಿ ದುಡಿಯುವವನಿಗೆ ಧನ್ಯತೆ ದೊರೆಯುತ್ತದೆ ಎಂಬ ಅಭಿಪ್ರಾಯವು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಘಟಿಕೋತ್ಸವದ ಭಾಷಣಗಳಲ್ಲಿಯೂ ನೌಕರರ ತರಬೇತಿಯ ಪಾಠಗಳಲ್ಲಿಯೂ ಇದು ಸಿದ್ಧಸತ್ಯವೆಂಬಂತೆ ಉಚ್ಚರಿಸಲ್ಪಡುತ್ತದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಇದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳುತ್ತಾರೆಂಬುದನ್ನು ಗಮನಿಸಿದಾಗ, ಇದರ ಒಳಗೆ ಪರೀಕ್ಷಿಸದೆ ಬಿಟ್ಟಿರುವ ಒಂದು ಊಹೆ ಅಡಗಿದೆಯೆಂದು ತೋರುತ್ತದೆ. ಕರೆಯನ್ನು ಕೇಳಿದವನಿಗೆ ಓಗೊಡುವ ಅವಕಾಶವೂ ಇದ್ದೇ ಇರುತ್ತದೆ ಎಂಬುದೇ ಆ ಊಹೆ.

ಕಳೆದ ನಾಲ್ಕು ದಶಕಗಳಲ್ಲಿ ಈ ವಿಷಯವು ಮನಃಶಾಸ್ತ್ರಜ್ಞರ ಅಳತೆಗೋಲಿಗೂ ಒಳಪಟ್ಟಿದೆ. ೧೯೮೫ರಲ್ಲಿ ರಾಬರ್ಟ್ ಬೆಲ್ಲಾ ಮತ್ತು ಅವರ ಸಂಗಡಿಗರು ಅಮೆರಿಕದ ಸಮಾಜವನ್ನು ಕುರಿತು ಬರೆದ ಗ್ರಂಥದಲ್ಲಿ, ಮನುಷ್ಯನು ತನ್ನ ಕೆಲಸವನ್ನು ಸಂಪಾದನೆಯ ಉಪಾಯವೆಂದೋ, ಮೇಲೇರುವ ಮೆಟ್ಟಲೆಂದೋ, ಕರೆಯೆಂದೋ ಮೂರು ಬಗೆಯಾಗಿ ಭಾವಿಸಬಹುದೆಂದು ವಿಂಗಡಿಸಿದರು. ೧೯೯೭ರಲ್ಲಿ ಆಮಿ ರೆಸ್ನೆವ್‌ಸ್ಕಿ ಮೊದಲಾದವರು ಈ ವಿಂಗಡಣೆಯನ್ನು ಪ್ರಶ್ನಾವಳಿಯ ಮೂಲಕ ಪರೀಕ್ಷಿಸಿದರು. ಅವರು ಪ್ರಶ್ನಿಸಿದವರಲ್ಲಿ ಕಾಲೇಜು ಕಚೇರಿಗಳ ೨೪ ಮಂದಿ ಸಹಾಯಕರ ಒಂದು ಗುಂಪೂ ಇದ್ದಿತು. ಒಂದೇ ತೆರನಾದ ಕೆಲಸದಲ್ಲಿದ್ದ ಈ ೨೪ ಮಂದಿ ಹೆಚ್ಚುಕಡಿಮೆ ಸಮಭಾಗಗಳಾಗಿ ಮೂರು ಬಗೆಗಳಲ್ಲಿಯೂ ಹಂಚಿಹೋಗಿದ್ದರು. ಒಟ್ಟು ಅಧ್ಯಯನದಲ್ಲಿ, ಕೆಲಸವನ್ನು ಕರೆಯೆಂದು ಕಂಡವರೇ ಬಾಳಿನಲ್ಲಿಯೂ ಕೆಲಸದಲ್ಲಿಯೂ ಹೆಚ್ಚು ತೃಪ್ತರೆಂದು ಕಂಡುಬಂದಿತು. ಇದರಿಂದ ಕರೆಯು ಕೆಲಸದಲ್ಲಿಲ್ಲ, ಕೆಲಸ ಮಾಡುವವನ ದೃಷ್ಟಿಯಲ್ಲಿದೆ ಎಂಬ ತೀರ್ಮಾನಕ್ಕೆ ಹಾರುವುದು ಸುಲಭ. ಹಾಗೆ ಹಾರಿದವರೂ ಹಲವರಿದ್ದಾರೆ.

ಈ ತೀರ್ಮಾನವನ್ನು ಕನ್ನಡದ ಎರಡು ಪ್ರಸಿದ್ಧ ಕಾದಂಬರಿಗಳ ಎದುರಿನಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಶಿವರಾಮ ಕಾರಂತರ ‘ಚೋಮನ ದುಡಿ’ ೧೯೩೩ರಲ್ಲಿಯೂ ‘ಬೆಟ್ಟದ ಜೀವ’ ೧೯೪೩ರಲ್ಲಿಯೂ ಪ್ರಕಟವಾದುವು. ಎರಡರ ಕರ್ತೃವೂ ಒಬ್ಬನೇ. ಎರಡರ ನೆಲವೂ ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡವೇ. ಎರಡರಲ್ಲಿಯೂ ನಾಯಕನನ್ನು ಕರೆದದ್ದು ಬೇಸಾಯ. ಇಷ್ಟು ಸಾಮ್ಯವಿದ್ದೂ ಒಬ್ಬನ ಬಾಳು ಬೂದಿಯಾಗುತ್ತದೆ, ಇನ್ನೊಬ್ಬರ ಬಾಳು ತೋಟವಾಗುತ್ತದೆ. ಈ ಅಂತರವು ಎಲ್ಲಿಂದ ಹುಟ್ಟಿತೆಂಬುದನ್ನು ವಿಚಾರಿಸಿದರೆ ನಮ್ಮ ಪ್ರಶ್ನೆಗೆ ಬೆಳಕು ದೊರೆಯಬಹುದೆಂದು ನಾವು ನಂಬಿದ್ದೇವೆ.

೨

ಮೊದಲು ಕೆಲವು ಪದಗಳ ಅರ್ಥವನ್ನು ನಿಷ್ಕರ್ಷಿಸಿಕೊಳ್ಳುವುದು ಅವಶ್ಯಕ. ‘ಕರೆ’ ಎಂಬ ಕಲ್ಪನೆಗೆ ಪಾಶ್ಚಾತ್ಯರಲ್ಲಿ ಮತೀಯ ಮೂಲವಿದೆ. ಮಠವನ್ನು ಸೇರುವವನಿಗೆ ಮಾತ್ರ ಸಲ್ಲುತ್ತಿದ್ದ ದೈವದ ಕರೆಯನ್ನು ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನು ಚಮ್ಮಾರನಿಗೂ ಒಕ್ಕಲಿಗನಿಗೂ ವಿಸ್ತರಿಸಿದನು. ಜರ್ಮನ್ ಭಾಷೆಯ ‘ಬೆರೂಫ್’ ಎಂಬ ಶಬ್ದಕ್ಕೆ ವೃತ್ತಿಯೆಂಬ ಅರ್ಥವೂ ಕರೆಯೆಂಬ ಅರ್ಥವೂ ಜೊತೆಯಾಗಿ ನಿಂತದ್ದು ಹೀಗೆಂದು ಮ್ಯಾಕ್ಸ್ ವೇಬರನು ೧೯೦೪–೦೫ರಲ್ಲಿ ಬರೆದ ಪ್ರಬಂಧಗಳಲ್ಲಿ ಪ್ರತಿಪಾದಿಸಿದ್ದಾನೆ. ಆದರೆ ಲೂಥರನ ವಿಚಾರದಲ್ಲಿ ಒಂದು ತೊಡಕಿದೆ. ದೇವರು ಇರಿಸಿದ ಸ್ಥಾನದಲ್ಲಿಯೇ ಇದ್ದು ದುಡಿಯಬೇಕೆಂಬ ಉಪದೇಶವು ದುಡಿಮೆಗೆ ಗೌರವವನ್ನು ತಂದಂತೆ ಸ್ಥಾನಕ್ಕೆ ಬೇಲಿಯನ್ನೂ ಹಾಕಿತು.

ನಮ್ಮಲ್ಲಿ ಇದಕ್ಕೆ ಹತ್ತಿರವಾದ ಶಬ್ದಗಳು ಎರಡು: ‘ಕುಲಕಸುಬು’ ಮತ್ತು ‘ಕಾಯಕ’. ಇವೆರಡನ್ನೂ ಒಂದೇ ಎಂದು ಗ್ರಹಿಸುವ ವಾಡಿಕೆ ಬೆಳೆದಿರುವುದು ವಿಷಾದಕರ. ಕುಲಕಸುಬು ಹುಟ್ಟಿನಿಂದ ಬರುವಂಥದು. ಒಪ್ಪಿಗೆಯನ್ನು ಅದು ಕೇಳುವುದಿಲ್ಲ. ಕಾಯಕವಾದರೋ ಹನ್ನೆರಡನೆಯ ಶತಮಾನದ ಶರಣರಲ್ಲಿ ಮನಸ್ಸಿನ ಒಪ್ಪಿಗೆಯಿಂದ, ಮೇಲುಕೀಳಿನ ನಿರಾಕರಣೆಯೊಡನೆ ಕೈಗೊಂಡ ದುಡಿಮೆ. ಮಡಿವಾಳ, ಅಂಬಿಗ, ಮೇದಾರ ಮೊದಲಾದ ಕಸುಬಿನ ಹೆಸರುಗಳು ವಚನಕಾರರ ಹೆಸರುಗಳೊಡನೆ ಉಳಿದುಬಂದಿರುವುದರಿಂದ, ಕಾಯಕವೆಂಬುದು ಜಾತಿಯ ಕಸುಬಿಗೇ ಬಳಿದ ಪುಣ್ಯವಲ್ಲವೇ ಎಂದು ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೂ ಹರಳಯ್ಯ ಮಧುವಯ್ಯರ ಮಕ್ಕಳ ವಿವಾಹದ ಸಂಗತಿಯನ್ನು ಪರಂಪರೆಯು ಕಲ್ಯಾಣದ ಕ್ರಾಂತಿಯ ಕೇಂದ್ರದಲ್ಲಿಯೇ ನಿಲ್ಲಿಸಿದೆಯೆಂಬುದನ್ನು ಮರೆಯುವಂತಿಲ್ಲ. ಕಸುಬು ಉಳಿದರೂ ಕಸುಬಿನ ಗೋಡೆ ಉಳಿಯಬಾರದೆಂಬುದು ಅಲ್ಲಿನ ಆಶಯ. ಆ ಆಶಯಕ್ಕೆ ತೆತ್ತ ಬೆಲೆಯನ್ನೂ ಪರಂಪರೆಯೇ ಹೇಳಿದೆ.

ಹೀಗೆ ಮೂರು ವಸ್ತುಗಳನ್ನು ನಾವು ಬೇರ್ಪಡಿಸಿಕೊಳ್ಳಬೇಕು. ಹುಟ್ಟು ವಿಧಿಸಿದ ಕೆಲಸ ಒಂದು. ಮನಸ್ಸು ಬಯಸಿದ ಕೆಲಸ ಇನ್ನೊಂದು. ಮನಸ್ಸು ಬಯಸಿ ಕೈಗೂ ದೊರೆತ ಕೆಲಸ ಮತ್ತೊಂದು. ಮೊದಲನೆಯದು ಕುಲಕಸುಬು, ಎರಡನೆಯದು ಕರೆ, ಮೂರನೆಯದು ಓಗೊಟ್ಟ ಕರೆ. ಚೋಮನು ಮೊದಲನೆಯ ಎರಡರ ನಡುವೆ ಸಿಕ್ಕಿ ನುಗ್ಗಾದವನು. ಗೋಪಾಲಯ್ಯನವರು ಮೂರನೆಯದನ್ನು ಪಡೆದವರು.

೩

‘ಚೋಮನ ದುಡಿ’ಯನ್ನು ಅಸ್ಪೃಶ್ಯತೆಯ ಕ್ರೌರ್ಯವನ್ನು ತೋರುವ ಕಾದಂಬರಿಯೆಂದು ವಿಮರ್ಶಕರು ಸರಿಯಾಗಿಯೇ ಗುರುತಿಸಿದ್ದಾರೆ. ಚೋಮನ ದುಃಖಕ್ಕೆ ಇನ್ನೊಂದು ಮುಖವೂ ಉಂಟು. ಅದು ಬಡತನದಿಂದಲೂ ಅವಮಾನದಿಂದಲೂ ತುಸು ಬೇರೆಯಾದುದು. ಭೂಮಾಲೀಕ ಸಂಕಪ್ಪಯ್ಯನ ಆಳಾಗಿ ದುಡಿಯುವ ಚೋಮನಿಗೆ ಮನಸ್ಸಿನಲ್ಲಿರುವುದು ಒಂದೇ ಬಯಕೆ: ಒಂದು ತುಂಡು ಗದ್ದೆಯನ್ನು ಗೇಣಿಗೆ ಪಡೆದು ತಾನೇ ಉಳಬೇಕು. ಇದು ಕೇವಲ ಅನ್ನದ ಆಸೆಯೆಂದು ತಿಳಿಯಲಾಗದು. ಅನ್ನದ ಆಸೆ ಮಾತ್ರವೇ ಆಗಿದ್ದರೆ ಅವನ ಗುಡಿಸಲಲ್ಲಿ ಒಂದು ಜೋಡಿ ಎತ್ತುಗಳು ಇರುತ್ತಿರಲಿಲ್ಲ. ಉಳಲು ನೆಲವಿಲ್ಲದವನು ಎತ್ತುಗಳನ್ನು ಸಾಕುವುದು ಲೆಕ್ಕಾಚಾರಕ್ಕೆ ಒಪ್ಪುವ ಮಾತಲ್ಲ. ಮಕ್ಕಳ ಹೊಟ್ಟೆಗೇ ಸಾಲದ ಮನೆಯಲ್ಲಿ ಅವು ಹೊರೆ. ಮಾರಿದರೆ ಸಾಲದಲ್ಲಿ ಒಂದಷ್ಟು ತೀರಬಹುದು. ಆದರೂ ಅವನು ಮಾರಲೊಲ್ಲ. ಆ ಎತ್ತುಗಳು ಅವನ ಆಸ್ತಿಯಲ್ಲ, ಅವನು ಕೇಳಿಸಿಕೊಂಡ ಕರೆಯ ಕುರುಹು. ಕರೆಯೆಂಬುದನ್ನು ಕಾರಂತರು ಎಲ್ಲಿಯೂ ಸಿದ್ಧಾಂತವಾಗಿ ಹೇಳದೆ ಎರಡು ಮೂಕ ಪ್ರಾಣಿಗಳ ಮೂಲಕ ಕಾಣಿಸಿರುವುದು ಅವರ ಕಲೆಯ ಮುಖ್ಯ ಗುಣ.

ಚೋಮನ ಕರೆಗೆ ಅಡ್ಡವಾಗಿ ನಿಂತದ್ದು ಯಾವುದು? ಅವನ ಅಶಕ್ತಿಯಲ್ಲ, ಸೋಮಾರಿತನವಲ್ಲ, ನಿರುತ್ಸಾಹವಲ್ಲ. ಅವನು ಹುಟ್ಟಿದ ಕುಲದವನು ಬೇಸಾಯಗಾರನಾಗಕೂಡದೆಂಬ ಕಟ್ಟಳೆ. ಸಂಕಪ್ಪಯ್ಯನಿಗೆ ಒಂದು ಗಳಿಗೆ ಕನಿಕರ ಹುಟ್ಟಿದರೂ ಮನೆತನದ ಸಂಪ್ರದಾಯವು ಅದನ್ನು ಹೊಸಕಿಹಾಕುತ್ತದೆ. ತನ್ನ ಧರ್ಮವನ್ನೇ ಆಚರಿಸುವುದು ಶ್ರೇಯಸ್ಕರವೆಂದು ಉಪದೇಶಿಸುವವರಿಗೆ ಚೋಮನು ಒಂದು ಕಠಿಣವಾದ ಪ್ರಶ್ನೆಯನ್ನು ಒಡ್ಡುತ್ತಾನೆ. ಅವನ ‘ತನ್ನ’ ಧರ್ಮ ಯಾವುದು? ಊರು ಹೇಳಿದ್ದೋ, ಎದೆ ಹೇಳಿದ್ದೋ? ಎರಡೂ ಒಂದೇ ಆದವನಿಗೆ ಸ್ವಧರ್ಮವು ನೆಮ್ಮದಿ. ಎರಡೂ ಬೇರೆಯಾದವನಿಗೆ ಅದೇ ಸೆರೆಮನೆ.

ಇಲ್ಲಿ ದುಡಿಯ ಸ್ಥಾನವನ್ನು ವಿಚಾರಿಸಬೇಕು. ಚೋಮನು ಸಂತೋಷಕ್ಕೂ ಸಂಕಟಕ್ಕೂ ದುಡಿಯನ್ನೇ ಬಾರಿಸುತ್ತಾನೆ. ಅದನ್ನು ಅವನ ಕಲಾಭಿರುಚಿಯೆಂದು ಕೊಂಡಾಡುವವರಿದ್ದಾರೆ. ನಮಗೆ ತೋರುವಂತೆ, ನೇಗಿಲಿಗೆ ಸಲ್ಲಬೇಕಾಗಿದ್ದ ಕಸುವು ಹರಿಯಲು ಬೇರೆ ದಾರಿಯಿಲ್ಲದೆ ಚರ್ಮದ ಮೇಲೆ ಬಡಿಯುತ್ತದೆ. ಕೈಗೆ ಕೆಲಸವಿದ್ದೂ ಅದು ತನ್ನದಾಗದವನ ಕೈ ಹೀಗೆ ಮಾತಾಡುತ್ತದೆ. ಆದ್ದರಿಂದ ದುಡಿಯ ನಾದವು ತೃಪ್ತಿಯ ನಾದವೆಂದು ತಿಳಿಯುವುದು ಗುಡಿಸಲಿನ ಹೊರಗೆ ನಿಂತು ಕೇಳುವವರ ತಪ್ಪು ಗ್ರಹಿಕೆ.

ಕಥೆಯ ಮುಂದಿನ ನಡೆಯು ಸುಪರಿಚಿತ. ಸಾಲ ತೀರಿಸಲು ಕಾಫಿಯ ತೋಟಕ್ಕೆ ಹೋದ ಮಕ್ಕಳಲ್ಲಿ ಚನಿಯನು ಜ್ವರಕ್ಕೆ ಬಲಿಯಾಗುತ್ತಾನೆ. ಗುರುವನು ಮತವನ್ನೇ ಬಿಡುತ್ತಾನೆ. ಮಗಳು ಬೆಳ್ಳಿಯು ಸಾಲದ ಭಾರವನ್ನು ತನ್ನ ಮೈಯಿಂದ ಇಳಿಸಬೇಕಾಗುತ್ತದೆ. ಎಳೆಯ ನೀಲನು ನೀರಿನಲ್ಲಿ ಮುಳುಗುವಾಗ ಮುಟ್ಟಲಾಗದವನೆಂಬ ಕಾರಣದಿಂದ ಅವನನ್ನು ಯಾರೂ ಎತ್ತುವುದಿಲ್ಲ. ಇಷ್ಟಾದ ಮೇಲೆ, ಮತಾಂತರಗೊಂಡರೆ ನೆಲ ದೊರೆಯಬಹುದೆಂಬ ಆಸೆಯಿಂದ ಹೊರಟ ಚೋಮನು ತನ್ನ ದೈವವನ್ನು ಬಿಡಲಾರದೆ ಅರ್ಧದಾರಿಯಲ್ಲಿ ಹಿಂದಿರುಗುತ್ತಾನೆ. ಈ ಹಿಂದಿರುಗುವಿಕೆಯು ನಮ್ಮ ಪ್ರಶ್ನೆಯ ದೃಷ್ಟಿಯಿಂದ ಅತ್ಯಂತ ಮಹತ್ವದ್ದು. ಯಾವ ಬೆಲೆಯನ್ನಾದರೂ ತೆತ್ತು ಕರೆಗೆ ಓಗೊಡುತ್ತೇನೆಂದು ಅವನು ಹೇಳಲಾರ. ಮನುಷ್ಯನ ಬಾಳು ಒಂದೇ ಎಳೆಯಿಂದ ನೇಯ್ದ ಬಟ್ಟೆಯಲ್ಲ. ಕಸುಬು, ಮಕ್ಕಳು, ದೈವ, ಮಾನ ಇವೆಲ್ಲ ಅದರ ಎಳೆಗಳು. ಒಂದನ್ನು ಪಡೆಯಲು ಇನ್ನೊಂದನ್ನು ಹರಿಯಬೇಕಾದ ಸ್ಥಿತಿಯಲ್ಲಿ ನಿಂತವನಿಗೆ ತೃಪ್ತಿಯ ಮಾತು ಹಾಸ್ಯವಾಗಿ ಕೇಳಿಸುತ್ತದೆ. ಕೊನೆಗೆ ದುಡಿಯನ್ನು ಬಾರಿಸುತ್ತಲೇ ಚೋಮನು ಪ್ರಾಣ ಬಿಡುತ್ತಾನೆ.

೪

ಇದರ ಎದುರಿಗೆ ‘ಬೆಟ್ಟದ ಜೀವ’ವನ್ನು ಇಟ್ಟು ನೋಡೋಣ. ಸುಬ್ರಹ್ಮಣ್ಯದ ಆಸುಪಾಸಿನಲ್ಲಿ, ಕುಮಾರಪರ್ವತದ ತಪ್ಪಲಿನ ಕಾಡಿನಲ್ಲಿ ಗೋಪಾಲಯ್ಯನವರು ತೋಟವೆಬ್ಬಿಸಿದ್ದಾರೆ. ಆನೆಯ ಕಾಟ, ಹುಲಿಯ ಭಯ, ಎಡೆಬಿಡದ ಮಳೆ ಇವೆಲ್ಲವನ್ನೂ ಎದುರಿಸಿ ಅಡಕೆಯ ಮರಗಳನ್ನು ನಿಲ್ಲಿಸಿದ ಈ ವೃದ್ಧರ ಮಾತಿನಲ್ಲಿ ಆಯಾಸದ ಸುಳಿವಿಲ್ಲ. ದಾರಿ ತಪ್ಪಿ ಬಂದ ಅತಿಥಿಯನ್ನು ಅವರೂ ಅವರ ಪತ್ನಿ ಶಂಕರಮ್ಮನವರೂ ಉಪಚರಿಸುವ ರೀತಿ, ಅವರ ಹಾಸ್ಯ, ಬೆಟ್ಟವನ್ನು ನೆಂಟನಂತೆ ಕಾಣುವ ಅವರ ನೋಟ ಇವುಗಳನ್ನು ಓದಿದ ವಾಚಕನು, ತೃಪ್ತಜೀವನವೆಂದರೆ ಇದೇ ಎಂದುಕೊಳ್ಳುತ್ತಾನೆ. ಲಾಭದ ಲೆಕ್ಕದಿಂದ ನೋಡಿದರೆ ಬಯಲಿನಲ್ಲಿ ಇದಕ್ಕಿಂತ ಸುಲಭವಾದ ಬದುಕು ಇರಬಹುದು. ಆದರೆ ಗೋಪಾಲಯ್ಯನವರನ್ನು ಕರೆದದ್ದು ಕಾಡು. ಅವರು ಓಗೊಟ್ಟರು, ಕಾಡು ಅವರ ಕೈಗೆ ಒಲಿಯಿತು.

ಕಾದಂಬರಿಯು ಇಷ್ಟಕ್ಕೇ ಮುಗಿದಿದ್ದರೆ ಅದು ಸೊಗಸಾದ ಪ್ರಕೃತಿಚಿತ್ರವಾಗಿ ಉಳಿಯುತ್ತಿತ್ತು. ಕಾರಂತರು ಆ ಮನೆಯಲ್ಲಿ ಒಂದು ಖಾಲಿ ಜಾಗವನ್ನು ಇರಿಸಿದ್ದಾರೆ. ಮಗ ಶಂಭು ಮನೆಯನ್ನು ಬಿಟ್ಟು ಹೋಗಿದ್ದಾನೆ. ತಂದೆಯು ನಗುವಿನ ಹಿಂದೆ ಮುಚ್ಚಿಟ್ಟ ನೋವು ತಾಯಿಯ ಮಾತಿನಲ್ಲಿ ಹೊರಗೆ ಬರುತ್ತದೆ. ಕಾಟುಮೂಲೆಯ ನಾರಾಯಣ ಮತ್ತು ಲಕ್ಷ್ಮಿಯರನ್ನು ಆ ದಂಪತಿಗಳು ಸ್ವಂತ ಮಕ್ಕಳಂತೆ ಹಚ್ಚಿಕೊಂಡಿರುವುದರಲ್ಲಿ ಪ್ರೀತಿಯೂ ಇದೆ, ಆ ಖಾಲಿ ಜಾಗವನ್ನು ತುಂಬಿಕೊಳ್ಳುವ ಹಂಬಲವೂ ಇದೆ. ತಂದೆಯನ್ನು ಕರೆದ ಬೆಟ್ಟವು ಮಗನನ್ನು ಕರೆಯಲಿಲ್ಲ. ಕರೆಯನ್ನು ಆಸ್ತಿಯಂತೆ ಮಕ್ಕಳಿಗೆ ಬರೆದುಕೊಡಲಾಗುವುದಿಲ್ಲವೆಂಬ ಸತ್ಯವನ್ನು ಈ ಕಥೆ ಮೆಲ್ಲನೆ ತಿಳಿಸುತ್ತದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಗೋಪಾಲಯ್ಯನವರ ಕರೆಗೆ ಬೆಲೆ ತೆತ್ತವರಲ್ಲಿ ಶಂಕರಮ್ಮನವರೂ ಒಬ್ಬರು. ಆ ಕಾಡಿನ ಮನೆಯನ್ನು ಅವರೂ ಪ್ರೀತಿಸಿದರೆಂಬುದು ನಿಜ. ಆದರೆ ಅವರನ್ನು ಯಾವುದು ಕರೆದಿತ್ತು ಎಂದು ಕೇಳಿದವರು ಯಾರೂ ಇಲ್ಲ. ಗಂಡನು ಕರೆಯ ಬೆನ್ನು ಹತ್ತಿದಾಗ ಹೆಂಡತಿಯು ಅವನ ಬೆನ್ನು ಹತ್ತುವುದನ್ನು ನಾವು ಸಹಜವೆಂದು ಎಣಿಸಿದ್ದೇವೆ. ತೃಪ್ತಿಯನ್ನು ಒಬ್ಬೊಬ್ಬರಲ್ಲಿಯೇ ಅಳೆಯುವ ಪ್ರಶ್ನಾವಳಿಯು ಈ ಸಂಬಂಧವನ್ನು ಹಿಡಿಯಲಾರದು, ಕಾದಂಬರಿಯು ಹಿಡಿಯಬಲ್ಲದು.

ಹೀಗಿದ್ದರೂ ಗೋಪಾಲಯ್ಯನವರ ಬಾಳು ವಿಫಲವೆಂದು ಯಾರೂ ಹೇಳಲಾರರು. ಮಗನ ಅಗಲಿಕೆಯ ದುಃಖವನ್ನು ಹೊತ್ತೂ ಅವರು ಬೆಳಗ್ಗೆ ಎದ್ದು ತೋಟಕ್ಕೆ ನಡೆಯಬಲ್ಲರು. ಕರೆಗೆ ಓಗೊಟ್ಟ ಬಾಳಿನಲ್ಲಿ ದುಃಖವಿರುವುದಿಲ್ಲವೆಂದಲ್ಲ. ದುಃಖವು ಬಂದಾಗ ನಿಲ್ಲಲು ಒಂದು ನೆಲವಿರುತ್ತದೆ. ಚೋಮನಿಗೆ ಇಲ್ಲದೆ ಹೋದದ್ದು ಅಕ್ಷರಶಃ ಆ ನೆಲವೇ.

೫

ಈಗ ಎರಡು ಕೃತಿಗಳನ್ನೂ ಜೊತೆಯಾಗಿ ನೋಡಬಹುದು. ಬೇಸಾಯದ ಹಂಬಲದ ತೀವ್ರತೆಯಲ್ಲಿ ಚೋಮನು ಗೋಪಾಲಯ್ಯನವರಿಗೆ ಕಡಿಮೆಯವನೇನೂ ಅಲ್ಲ. ದುಡಿಯುವ ಶಕ್ತಿಯಲ್ಲಿಯೂ ಕಡಿಮೆಯಿಲ್ಲ. ಕೆಲಸದ ಕಡೆಗಿನ ದೃಷ್ಟಿಯೇ ತೃಪ್ತಿಯನ್ನು ನಿರ್ಣಯಿಸುವುದಾಗಿದ್ದರೆ ಇಬ್ಬರ ಬಾಳೂ ಒಂದೇ ಹದಕ್ಕೆ ಬರಬೇಕಾಗಿತ್ತು. ಹಾಗೆ ಬರಲಿಲ್ಲ. ಒಬ್ಬರು ಬ್ರಾಹ್ಮಣರು, ಅವರು ಕಾಡನ್ನು ಕಡಿದು ನೆಲ ಮಾಡಿದರೆ ಊರು ಅದನ್ನು ಸಾಹಸವೆಂದಿತು. ಇನ್ನೊಬ್ಬನು ಹೊಲೆಯ, ಅವನು ಒಂದು ತುಂಡು ನೆಲ ಕೇಳಿದರೆ ಊರು ಅದನ್ನು ಉದ್ಧಟತನವೆಂದಿತು. ಅಂತರವು ಮನಸ್ಸಿನಲ್ಲಿ ಇರಲಿಲ್ಲ, ದಾರಿಯಲ್ಲಿತ್ತು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಎರಡು ಕಾದಂಬರಿಗಳ ಉದ್ದೇಶಗಳೇ ಬೇರೆ. ಒಂದು ದುರಂತ, ಇನ್ನೊಂದು ಜೀವನೋತ್ಸಾಹದ ಚಿತ್ರ. ಇವುಗಳ ಪಾತ್ರಗಳನ್ನು ತಕ್ಕಡಿಯಲ್ಲಿ ತೂಗುವುದು ಸಾಹಿತ್ಯನ್ಯಾಯವೇ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಒಂದು ಕಥೆಯು ದುರಂತವಾಗುವುದೂ ಇನ್ನೊಂದು ಆಗದಿರುವುದೂ ಕರ್ತೃವಿನ ಇಚ್ಛೆಯಿಂದ ಮಾತ್ರ ನಿರ್ಧಾರವಾಗುವುದಿಲ್ಲ. ತಾನು ಕಂಡ ಸಮಾಜದಲ್ಲಿ ಯಾವ ಕಥೆ ಯಾರಿಗೆ ಸಾಧ್ಯವೆಂಬುದನ್ನು ಕಾರಂತರು ಬಲ್ಲರು. ೧೯೪೩ರ ಕಾದಂಬರಿಯ ನಾಯಕನ ಸ್ಥಾನದಲ್ಲಿ ಚೋಮನನ್ನು ಇರಿಸಿದ್ದರೆ ಅದು ನಂಬಲರ್ಹವಾದ ಕಥೆಯಾಗುತ್ತಿರಲಿಲ್ಲ. ಈ ಅಸಾಧ್ಯತೆಯೇ ನಮ್ಮ ವಾದಕ್ಕೆ ಆಧಾರ.

ಇಲ್ಲಿ ನಮ್ಮ ಬರೆವಣಿಗೆಯ ಒಂದು ಸಂಗತಿಯನ್ನು ವಾಚಕರ ಗಮನಕ್ಕೆ ತರಬೇಕು. ಈ ಲೇಖನದುದ್ದಕ್ಕೂ ನಾವು ಚೋಮನನ್ನು ‘ಅವನು’ ಎಂದೂ ಗೋಪಾಲಯ್ಯನವರನ್ನು ‘ಅವರು’ ಎಂದೂ ಬರೆದಿದ್ದೇವೆ. ಹಾಗೆ ಬರೆಯುವುದು ವಿಮರ್ಶೆಯ ರೂಢಿ. ಬರೆಯುವಾಗ ನಮಗೆ ಅದು ಅಸಹಜವೆಂದೂ ತೋರಲಿಲ್ಲ. ಒಂದೇ ಕಸುಬು ಕರೆದ ಇಬ್ಬರನ್ನು ಭಾಷೆಯೇ ಎರಡು ಪಂಕ್ತಿಗಳಲ್ಲಿ ಕುಳ್ಳಿರಿಸುತ್ತದೆಂಬುದನ್ನು ಒಪ್ಪಿಕೊಂಡು ಮುಂದುವರಿಯುವುದು ಪ್ರಾಮಾಣಿಕವೆಂದು ಭಾವಿಸುತ್ತೇವೆ.

ಮನಃಶಾಸ್ತ್ರದ ಇತ್ತೀಚಿನ ಸಂಶೋಧನೆಯೂ ಇದೇ ದಿಕ್ಕಿಗೆ ಬಂದಿರುವುದು ಗಮನಾರ್ಹ. ೨೦೧೩ರಲ್ಲಿ ರಯಾನ್ ಡಫಿ ಮತ್ತು ಅವರ ಸಹಚರರು ಕರೆಯನ್ನು ಅನುಭವಿಸುವುದನ್ನೂ ಕರೆಯನ್ನು ಬಾಳುವುದನ್ನೂ ಬೇರೆಬೇರೆಯಾಗಿ ಅಳೆದರು. ದುಡಿಯುವ ವಯಸ್ಕರಲ್ಲಿ ಜೀವನತೃಪ್ತಿಗೆ ಹೆಚ್ಚು ನಿಕಟವಾದ ಸಂಬಂಧವು ಎರಡನೆಯದರೊಡನೆ ಕಂಡುಬಂದಿತು. ಮೊದಲನೆಯದು ತೃಪ್ತಿಯೊಡನೆ ಹೊಂದಿರುವ ಸಂಬಂಧವು ಎರಡನೆಯದರ ಮೂಲಕವೇ ಸಾಗುತ್ತದೆಂದು ಅವರು ತೀರ್ಮಾನಿಸಿದರು. ಕರೆಯಿದ್ದರೆ ಸಾಲದು, ಅದನ್ನು ಬಾಳಬೇಕು ಎಂಬುದು ಇದರ ತಾತ್ಪರ್ಯ. ಎಂಬತ್ತು ವರ್ಷಗಳ ಹಿಂದೆಯೇ ಒಂದು ಜೋಡಿ ಎತ್ತುಗಳು ಹೇಳಿದ್ದ ಮಾತೂ ಇದೇ.

ಆದರೆ ಈ ಅಧ್ಯಯನಗಳ ಮಿತಿಯನ್ನೂ ಹೇಳದೆ ಬಿಡಲಾಗದು. ಜೀವನತೃಪ್ತಿಯನ್ನು ಅಳೆಯಲು ಬಹುವಾಗಿ ಬಳಕೆಯಲ್ಲಿರುವ ಮಾಪನವನ್ನು ಎಡ್ ಡೀನರ್ ಮೊದಲಾದವರು ೧೯೮೫ರಲ್ಲಿ ಪ್ರಕಟಿಸಿದರು. ಅದರಲ್ಲಿ ೫ ಹೇಳಿಕೆಗಳಿದ್ದು, ಒಂದೊಂದಕ್ಕೂ ೧ರಿಂದ ೭ರವರೆಗೆ ಅಂಕ ಕೊಡಬೇಕು. ಇದರ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕರೆಯನ್ನು ಬಾಳಲು ಅಡ್ಡಿಯಾದದ್ದು ಹಣವೋ, ಜಾತಿಯೋ, ಮನೆಯ ಹೊಣೆಯೋ ಎಂಬುದನ್ನು ಅಂಕವು ಹೇಳುವುದಿಲ್ಲ. ಅಲ್ಲದೆ ಕರೆಯೂ ತೃಪ್ತಿಯೂ ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಹುಟ್ಟಿಸಿತೆಂದು ಸಾಧಿತವಾಗುವುದಿಲ್ಲ. ತೃಪ್ತನಾದವನಿಗೆ ತನ್ನ ಕೆಲಸವು ಕರೆಯಂತೆ ಕಾಣುವುದೂ ಸಂಭವ.

೬

ಈ ಚರ್ಚೆಯು ಎರಡು ಹಳೆಯ ಕಾದಂಬರಿಗಳ ವಿಚಾರವಷ್ಟೇ ಎಂದು ಯಾರಾದರೂ ಭಾವಿಸಿದರೆ ಅದು ಸರಿಯಲ್ಲ. ಡಾ. ಅಂಬೇಡ್ಕರರು ೧೯೩೬ರಲ್ಲಿ ಪ್ರಕಟಿಸಿದ ‘ಜಾತಿ ವಿನಾಶ’ದಲ್ಲಿ, ಜಾತಿಪದ್ಧತಿಯು ದುಡಿಮೆಯನ್ನು ಮಾತ್ರವಲ್ಲದೆ ದುಡಿಯುವವರನ್ನೇ ವಿಭಜಿಸುತ್ತದೆಂದು ತೋರಿಸಿದರು. ವ್ಯಕ್ತಿಯ ಒಲವಿಗೂ ಸಾಮರ್ಥ್ಯಕ್ಕೂ ಎಡೆಯಿಲ್ಲದ ಕೆಲಸದಲ್ಲಿ ಮನುಷ್ಯನ ಹೃದಯವಾಗಲಿ ಬುದ್ಧಿಯಾಗಲಿ ನೆಲೆಸಲಾರದೆಂಬುದು ಅವರ ವಾದದ ಒಂದು ಮುಖ್ಯ ಭಾಗ. ಕರೆಯನ್ನು ಕುರಿತು ಇಂದು ನಡೆಯುವ ಚರ್ಚೆಗೆ ಇದಕ್ಕಿಂತ ನೇರವಾದ ಪೀಠಿಕೆ ಇರಲಾರದು. ‘ಚೋಮನ ದುಡಿ’ ಪ್ರಕಟವಾದ ಮೂರೇ ವರ್ಷಗಳಲ್ಲಿ ಈ ಮಾತು ಬಂದುದನ್ನು ಸಾಹಿತ್ಯದ ಇತಿಹಾಸಕಾರರು ಜೊತೆಯಾಗಿಟ್ಟು ನೋಡಬೇಕು.

ಚೋಮನ ಕಾಲ ಮುಗಿಯಿತೆಂದು ಸಮಾಧಾನ ಪಡುವವರಿಗೆ ನಮ್ಮ ಭೂಸುಧಾರಣೆಯ ಚರಿತ್ರೆಯನ್ನು ನೆನಪಿಸಬಹುದು. ಕರ್ನಾಟಕದಲ್ಲಿ ೧೯೬೧ರ ಕಾಯಿದೆಗೆ ತಂದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಿಂದ ಗೇಣಿಪದ್ಧತಿಯನ್ನು ಕೊನೆಗಾಣಿಸಿತು. ಉಳುವವನಿಗೆ ಭೂಮಿಯೆಂಬ ಘೋಷಣೆಯಡಿಯಲ್ಲಿ ಅಸಂಖ್ಯ ಒಕ್ಕಲುಗಳು ಹೊಲದೊಡೆಯರಾದರು. ಇದು ದೊಡ್ಡ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಯಿದೆಯು ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಚೋಮನು ಗೇಣಿದಾರನಾಗಿರಲಿಲ್ಲ, ಗೇಣಿದಾರನಾಗಬೇಕೆಂಬುದೇ ಅವನ ಈಡೇರದ ಬಯಕೆಯಾಗಿತ್ತು. ಹೀಗೆ ಉಳುವ ಹಂಬಲವಿದ್ದೂ ಗೇಣಿಚೀಟಿಯಿಲ್ಲದ ಕೂಲಿಯವನು ಆ ನ್ಯಾಯದ ಹೊಸ್ತಿಲಿನಿಂದ ಹೊರಗೆ ಉಳಿದನು.

ಕರೆಯ ಇನ್ನೊಂದು ಅಪಾಯವು ಓಗೊಟ್ಟವರಿಗೆ ಸಂಬಂಧಿಸಿದ್ದು. ಸ್ಟುವರ್ಟ್ ಬಂಡರ್ಸನ್ ಮತ್ತು ಜೆಫ್ರಿ ಥಾಂಪ್ಸನ್ ಅವರು ಅಮೆರಿಕ ಮತ್ತು ಕೆನಡಾಗಳ ಮೃಗಾಲಯಗಳಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರನ್ನು ಕುರಿತು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಸ್ಪಷ್ಟಪಡಿಸುತ್ತದೆ. ಕರೆಯೆಂದು ನಂಬಿದವರಿಗೆ ಕೆಲಸದಲ್ಲಿ ಅರ್ಥವೂ ಘನತೆಯೂ ಹೆಚ್ಚಾಗಿ ಕಂಡವು. ಅದರೊಡನೆಯೇ ಅವರು ಸಂಬಳವನ್ನೂ ಬಿಡುವನ್ನೂ ಸೌಖ್ಯವನ್ನೂ ಬಿಟ್ಟುಕೊಡಲು ಸಿದ್ಧರಾಗಿದ್ದರು. ಮೇಲಿನವರು ಈ ಸಿದ್ಧತೆಯನ್ನು ದುರುಪಯೋಗಪಡಿಸಿಕೊಳ್ಳುವ ಸಂಭವವೂ ಅಲ್ಲಿಯೇ ಇತ್ತು. ಪ್ರೀತಿಯಿಂದ ಮಾಡುವವನಿಗೆ ಕಡಿಮೆ ಕೊಟ್ಟರೂ ನಡೆಯುತ್ತದೆಂಬ ಲೆಕ್ಕಾಚಾರವು ಸಮುದ್ರದಾಚೆಯ ವಸ್ತುವಲ್ಲ. ನಮ್ಮ ದೇಶದಲ್ಲಿ ೧೯೭೫ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡುವುದನ್ನು ವೇತನವೆನ್ನದೆ ‘ಗೌರವಧನ’ವೆನ್ನುತ್ತೇವೆ. ಗೌರವದ ಹೆಸರು ದೊಡ್ಡದಾದಷ್ಟೂ ಧನದ ಮೊತ್ತ ಚಿಕ್ಕದಾಗಿರುವುದನ್ನು ಅವರು ಬಲ್ಲರು. ಅವರಿಗೂ ಉಪದಾನ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತದ್ದು ೨೦೨೨ರಲ್ಲಿ. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರ ಸ್ಥಿತಿಯನ್ನು ಈ ಪತ್ರಿಕೆಯ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ಅಧ್ಯಾಪನವು ಪವಿತ್ರವಾದ ಕರೆಯೆಂದು ಬೋಧಿಸುವ ವೇದಿಕೆಯ ಕೆಳಗೇ ವರ್ಷವರ್ಷವೂ ಹೊಸ ಆದೇಶಕ್ಕಾಗಿ ಕಾಯುವವರು ಕುಳಿತಿರುತ್ತಾರೆ. ಅವರಲ್ಲಿ ಕರೆಯ ಕೊರತೆಯಿಲ್ಲ.

ಹಾಗಾದರೆ ಕಾಯಕದ ಆದರ್ಶವನ್ನು ಬಿಟ್ಟುಬಿಡಬೇಕೇ? ನಮಗೆ ಹಾಗೆ ತೋರುವುದಿಲ್ಲ. ಅದನ್ನು ಅದರ ಪೂರ್ಣ ರೂಪದಲ್ಲಿ ಗ್ರಹಿಸಬೇಕು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮರ ಪ್ರಸಂಗವು ಇಲ್ಲಿ ನೆರವಾಗುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಬಡವರಿಗೆ ಸಂತೃಪ್ತಿಯನ್ನು ಬೋಧಿಸಲು ಬಳಸುತ್ತೇವೆ. ಅದು ತಪ್ಪು ಬಳಕೆಯೆಂಬುದು ನಮ್ಮ ಅಭಿಪ್ರಾಯ. ‘ಸಾಕು’ ಎಂಬ ಮಾತನ್ನು ಅಲ್ಲಿ ಆಡಿದವಳು ದುಡಿಯುವವಳೇ. ಅವಳಿಗೆ ಬೇರೆ ಯಾರೂ ಅದನ್ನು ಹೇಳಿಕೊಡಲಿಲ್ಲ. ಪ್ರಧಾನಿಯ ಮನೆಯ ಅಂಗಳದಲ್ಲಿ ನಿಂತೂ ತಲೆತಗ್ಗಿಸದ ಹೆಣ್ಣಿನ ಬಾಯಲ್ಲಿ ‘ಸಾಕು’ ಎಂಬುದು ಸ್ವಾತಂತ್ರ್ಯದ ಮಾತು. ಅದನ್ನೇ ಒಡೆಯನು ಆಳಿಗೆ ಹೇಳಿದರೆ ಅದು ದಬ್ಬಾಳಿಕೆಯ ಮಾತಾಗುತ್ತದೆ. ಕಾಯಕದಿಂದ ತೃಪ್ತಿ ಹುಟ್ಟುವುದು ಅದನ್ನು ಒಪ್ಪುವ, ಬಿಡುವ, ಅದರ ಮಿತಿಯನ್ನು ಗೊತ್ತುಮಾಡುವ ಅಧಿಕಾರವು ಮಾಡುವವನಲ್ಲಿಯೇ ಇದ್ದಾಗ.

ಇಲ್ಲಿಯವರೆಗಿನ ವಿಚಾರದಿಂದ ನಮ್ಮ ನಿಲುವನ್ನು ಹೀಗೆ ಸಂಗ್ರಹಿಸಬಹುದು. ಕಸುಬಿನ ಕರೆಯು ಬಾಳಿನ ತೃಪ್ತಿಗೆ ಕಾರಣವಾಗಬಲ್ಲದು, ಗೋಪಾಲಯ್ಯನವರಲ್ಲಿ ಆದಂತೆ. ಆಗಲೂ ಅದು ಬಾಳಿನ ಎಲ್ಲ ಕೊರತೆಗಳನ್ನು ತುಂಬುವುದಿಲ್ಲ. ಓಗೊಡಲು ದಾರಿಯಿಲ್ಲದಿದ್ದರೆ ಅದೇ ಕರೆಯು ಕರೆಯಿಲ್ಲದವನು ಅರಿಯದ ಸಂಕಟವನ್ನು ತರುತ್ತದೆ, ಚೋಮನಲ್ಲಿ ತಂದಂತೆ. ಆದಕಾರಣ ದುಡಿಯುವವನಿಗೆ ‘ನಿನ್ನ ಕೆಲಸವನ್ನು ಕರೆಯೆಂದು ಭಾವಿಸು’ ಎಂದು ಉಪದೇಶಿಸುವ ಮೊದಲು, ಅವನನ್ನು ನಿಜವಾಗಿ ಕರೆದದ್ದು ಯಾವುದು, ಆ ದಾರಿಯಲ್ಲಿ ಯಾರು ಅಡ್ಡ ನಿಂತಿದ್ದಾರೆ ಎಂದು ವಿಚಾರಿಸುವುದು ಸಂಶೋಧಕರ ಕರ್ತವ್ಯ. ಮುಂದೆ ಕನ್ನಡ ನಾಡಿನ ದುಡಿಮೆಗಾರರಲ್ಲಿ ಇಂಥ ಅಧ್ಯಯನವನ್ನು ಕೈಗೊಳ್ಳುವವರು ಎಷ್ಟು ತೃಪ್ತಿ ಎಂಬ ಪ್ರಶ್ನೆಯೊಡನೆ, ನಿಮ್ಮ ಗುಡಿಸಲಲ್ಲಿ ಉಳದೆ ನಿಂತ ಎತ್ತುಗಳಿವೆಯೇ ಎಂಬ ಪ್ರಶ್ನೆಯನ್ನೂ ಕೇಳಲಿ ಎಂಬುದು ನಮ್ಮ ಆಶಯ.